ಮೂರು ಬೆಲ್ಟು ಹರಿದ ಮೇಲೆ ಸಿಕ್ಕ ಗ್ಯಾರೇಜು

ಚಾಮುಂಡಿ ಬೆಟ್ಟದ ಮೇಲೆ ನಮ್ಮದೊಂದು ಪೂಜಾ ಸಾಮಗ್ರಿಯ ಸಣ್ಣ ಅಂಗಡಿಯಿದ್ದು, ಅದಕ್ಕೆ ಬೇಕಾದ ಹೂವನ್ನು ದೇವರಾಜ ಮಾರುಕಟ್ಟೆಯಿಂದಲೂ ತೆಂಗಿನಕಾಯಿಯನ್ನು ಬಂಡಿಪಾಳ್ಯದ ಎಪಿಎಂಸಿ ಯಾರ್ಡಿನಿಂದಲೂ ಬೆಳಗಿನ ಜಾವ ಸ್ಕೂಟರಿನಲ್ಲೇ ಸಾಗಿಸುತ್ತೇನೆ. ಗೇರಿಲ್ಲದ, 110 ಸಿಸಿಯ ಸಾಮಾನ್ಯ ಸ್ಕೂಟರು; ಕಾಲಿಡುವ ಜಾಗದಲ್ಲಿ ಅರವತ್ತು ಕಾಯಿಯ ಚೀಲ, ಹಿಂದೆ ಹೂವಿನ ಬುಟ್ಟಿ, ನಡುವೆ ನಾನು. ಊರಿನ ಮಟ್ಟದಿಂದ ಬೆಟ್ಟದ ತುದಿ ಸುಮಾರು 300 ಮೀಟರ್ ಎತ್ತರದಲ್ಲಿದೆ. ಅಷ್ಟನ್ನೂ ಈ ಬಡಪಾಯಿ ಗಾಡಿ ಇಷ್ಟು ಹೊರೆ ಹೊತ್ತು ದಿನಕ್ಕೊಮ್ಮೆ ಏರಿ ಇಳಿಯುತ್ತದೆ. ಐದು ತಿಂಗಳೊಳಗೆ ಎಂಜಿನ್ನಿನ ಬಲವನ್ನು ಹಿಂದಿನ ಚಕ್ರದ ಕಡೆಗೆ ಸಾಗಿಸುವ ಇದರ ಡ್ರೈವ್ ಬೆಲ್ಟು ಮೂರು ಸಲ ಹರಿದಾಗ, ಕೇಳಿದವರೆಲ್ಲರೂ ಬೆಟ್ಟದ ಕಡೆಗೇ ಕೈ ತೋರಿಸಿದರು. ತಪ್ಪು ಬೆಟ್ಟದ್ದಲ್ಲ, ಹಾಗೆ ನೋಡಿದರೆ ಬೆಲ್ಟಿನದೂ ಅಲ್ಲ ಎಂದು ತೋರಿಸಿಕೊಟ್ಟದ್ದು ವಿದ್ಯಾರಣ್ಯಪುರದ ಅಡ್ಡರಸ್ತೆಯೊಂದರಲ್ಲಿರುವ ಒಂದು ಗ್ಯಾರೇಜು. ಅದಕ್ಕೆ ಹೆಸರಿಲ್ಲ, ನೀಲಿ ತಗಡಿನ ಬಾಗಿಲ ಮೇಲೆ ‘ಸ್ಕೂಟರ್ ರಿಪೇರಿ’ ಎಂದಷ್ಟೇ ಬಣ್ಣದಲ್ಲಿ ಬರೆದಿದೆ.

ಮೊದಲನೆಯದು ಗಾಡಿಯ ಜೊತೆಯಲ್ಲೇ ಬಂದ ಬೆಲ್ಟು. 19,000 ಕಿಲೋಮೀಟರು ಓಡಿದ್ದಾಗ, ವ್ಯೂ ಪಾಯಿಂಟಿನ ಹತ್ತಿರದ ತಿರುವಿನಲ್ಲಿ ಫಟ್ ಎಂದು ಸದ್ದಾಯಿತು. ಎಂಜಿನ್ ಹುಚ್ಚು ಹಿಡಿದಂತೆ ಕೂಗತೊಡಗಿತು, ಗಾಡಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ನನ್ನ ಗಾಡಿಯ ಕೈಪಿಡಿಯಲ್ಲಿ ಬೆಲ್ಟನ್ನು 24,000ಕ್ಕೆ ಬದಲಿಸಬೇಕೆಂದಿದೆ. ಅವಧಿಗೆ ಸ್ವಲ್ಪ ಮೊದಲೇ ಹೋಯಿತು, ಏರುದಾರಿಯ ಗಾಡಿಗೆ ಇದು ಸಹಜ ಎಂದುಕೊಂಡು, ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರವೊಂದಕ್ಕೆ ಗೂಡ್ಸ್ ಆಟೋದಲ್ಲಿ ಸಾಗಿಸಿದೆ. ಅವರು ಅಂದೇ ಸಂಜೆ ಹೊಸ ಬೆಲ್ಟು ಹಾಕಿಕೊಟ್ಟರು. ಹಳೆಯದನ್ನು ನಾನು ಕೇಳಲಿಲ್ಲ, ಅವರೂ ಕೊಡಲಿಲ್ಲ.

ಎರಡನೆಯದು 2,600 ಕಿಲೋಮೀಟರಿಗೇ ಹರಿಯಿತು. ಅದೇ ಕೇಂದ್ರಕ್ಕೆ ಹೋದರೆ, ಮುಂಭಾಗದ ಮೇಜಿನಲ್ಲಿ ಕುಳಿತಿದ್ದ ಸಲಹೆಗಾರರು ಗಾಡಿಯ ಪಕ್ಕೆಯ ಮುಚ್ಚಳವನ್ನು ತೆಗೆಸುವ ಮೊದಲೇ ತೀರ್ಪು ಕೊಟ್ಟರು: ಬೆಲ್ಟು ಸವೆಯುವ ಭಾಗ, ವಾರಂಟಿ ಅನ್ವಯಿಸುವುದಿಲ್ಲ, ಬೆಟ್ಟ ಹತ್ತಿಸುವವರಿಗೆಲ್ಲ ಇದೇ ಗೋಳು. ವಾರಂಟಿಯ ಮಾತು ನಿಯಮದ ಪ್ರಕಾರ ಸರಿಯಿರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮ ಪಕ್ಕದ ಅಂಗಡಿಯವರ ಬಳಿ ಇದೇ ಮಾದರಿಯ ಗಾಡಿಯಿದೆ, ಅದೂ ಇದೇ ರಸ್ತೆಯಲ್ಲಿ ಇದಕ್ಕಿಂತ ಹೆಚ್ಚು ಹೊರೆ ಹೊರುತ್ತದೆ, ಆಗ 22,000 ದಾಟಿದ್ದರೂ ಅದರಲ್ಲಿ ಹುಟ್ಟಿದಾಗಿನ ಬೆಲ್ಟೇ ಇತ್ತು. ಬೆಟ್ಟವೇ ಕಾರಣವಾಗಿದ್ದರೆ ಅವರ ಗಾಡಿಗೇಕೆ ರಿಯಾಯಿತಿ ಎಂದು ಕೇಳಿದ್ದಕ್ಕೆ, ಓಡಿಸುವ ರೀತಿಯ ಮೇಲೆ ಹೋಗುತ್ತದೆ ಎಂಬ ಉತ್ತರ ಬಂತು. ಕೋಪದಲ್ಲಿ ಹರಿದ ಬೆಲ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಬಂದೆ. ಆ ಕೋಪ ಮುಂದೆ ಉಪಕಾರಕ್ಕೆ ಬಂತು.

ಮೂರನೆಯದು ಸಂಪೂರ್ಣ ನನ್ನದೇ ತಪ್ಪು. ಬಿಡಿಭಾಗದ ಅಂಗಡಿಯಲ್ಲಿ ಕಂಪನಿ ಬೆಲೆಯ ಅರ್ಧಕ್ಕೇ ಸಿಕ್ಕ ಬೆಲ್ಟೊಂದನ್ನು ಕೊಂಡು, ಬೆಟ್ಟದ ತಪ್ಪಲಿನಲ್ಲಿ ಪಂಕ್ಚರ್ ಹಾಕುವ ಹುಡುಗನಿಂದ ಹಾಕಿಸಿದೆ. ಅದು ಎರಡು ತಿಂಗಳು, 1,900 ಕಿಲೋಮೀಟರು ಬಾಳಿ, ಶುಕ್ರವಾರ ಬೆಳಿಗ್ಗೆ ಐದೂವರೆಗೆ, ಹೂವಿನ ಬುಟ್ಟಿಯ ಸಮೇತ ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿತು. ಬೆಟ್ಟದ ಮೇಲೆ ಶುಕ್ರವಾರದ ವ್ಯಾಪಾರವೆಂದರೆ ಏನೆಂದು ಮೈಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ದಿನ ಗಾಡಿಯನ್ನು ಇಳಿಜಾರಿನಲ್ಲಿ ಹಾಗೇ ಉರುಳಿಸಿಕೊಂಡು ಊರಿಗೆ ಬಂದಾಗ ಯಾರೋ ಹೇಳಿದ ಗುರುತಿನ ಮೇಲೆ ಈ ಗ್ಯಾರೇಜಿಗೆ ಹೋದೆ. ಮಾಲೀಕರಿಗೆ ಅರವತ್ತರ ಆಸುಪಾಸು. ತಂದೆ ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯ ನೆನಪು ಹಳೆಯ ಮೈಸೂರಿಗರ ಮನೆಗಳಲ್ಲಿ ಇನ್ನೂ ಪೆಟ್ರೋಲಿನ ವಾಸನೆಯಂತೆ ಉಳಿದುಕೊಂಡಿದೆ. ಮಗ ಬೆಲ್ಟಿನ ವಿದ್ಯೆ ಕಲಿತದ್ದು ಕೈನೆಟಿಕ್ ಹೋಂಡಾಗಳ ಮೇಲೆ. “ಚೈನು ಸಡಿಲವಾದರೆ ಕಟಕಟ ಅಂತ ನಾಲ್ಕು ದಿನ ಮೊದಲೇ ಹೇಳುತ್ತೆ, ಬೆಲ್ಟು ಬಾಯೇ ಬಿಡಲ್ಲ ಸ್ವಾಮಿ, ಸತ್ತ ಮೇಲೇನೇ ಮಾತಾಡೋದು,” ಎಂದರು. ನನ್ನನ್ನು ಕೇಳಿದ ಮೊದಲ ಪ್ರಶ್ನೆ, ಹರಿದ ಬೆಲ್ಟು ಎಲ್ಲಿ ಎಂಬುದು. ಕಳೆದ ಐದು ತಿಂಗಳಲ್ಲಿ ಯಾರೊಬ್ಬರೂ ಕೇಳದಿದ್ದ ಪ್ರಶ್ನೆಯದು.

ಎರಡನೆಯ ಮತ್ತು ಮೂರನೆಯ ಬೆಲ್ಟುಗಳನ್ನು ಅವರು ಅಂಗಳದ ಬಿಸಿಲಿನಲ್ಲಿ ಹಳೆಯ ಪತ್ರಿಕೆಯ ಮೇಲೆ ಉದ್ದಕ್ಕೆ ಬಿಡಿಸಿಟ್ಟು, ಕುಕ್ಕರುಗಾಲಿನಲ್ಲಿ ಕುಳಿತು, ಅಂಚಿನ ಗುಂಟ ಉಗುರು ಓಡಿಸುತ್ತ ಹತ್ತು ನಿಮಿಷ ಏನೂ ಮಾತಾಡಲಿಲ್ಲ. ಎರಡನೆಯದರ ಒಂದು ಅಂಚು ಮಾತ್ರ ಹಳೆಯ ಸೀರೆಯ ಸೆರಗಿನಂತೆ ಎಳೆಎಳೆಯಾಗಿ ಬಿಟ್ಟುಕೊಂಡಿತ್ತು, ಒಳಗಿನ ಬಿಳಿ ದಾರಗಳು ಹೊರಗೆ ಇಣುಕುತ್ತಿದ್ದವು. ಇನ್ನೊಂದು ಅಂಚು ಹೊಸದರಂತೆ ನೇರವಾಗಿತ್ತು. ಮೂರನೆಯದರ ಕಥೆ ಬೇರೆ. ಅದರ ಎರಡೂ ಪಕ್ಕಗಳು ಗಾಜಿನಂತೆ ಹೊಳೆಯುತ್ತಿದ್ದವು, ಒಳಮೈಯ ಹಲ್ಲುಗಳ ಬುಡದಲ್ಲೆಲ್ಲ ಸಣ್ಣ ಬಿರುಕುಗಳಿದ್ದವು, ನಾಲ್ಕೈದು ಹಲ್ಲುಗಳು ಕಿತ್ತುಹೋಗಿದ್ದವು, ಮೂಗಿನ ಹತ್ತಿರ ಹಿಡಿದರೆ ಸುಟ್ಟ ರಬ್ಬರಿನ ನಾತ. ಬೆಲ್ಟು ಬದಲಾಗುತ್ತಿದ್ದರೂ ರೋಗ ಒಂದೇ ಎಂದು ನಾನು ಅಷ್ಟು ದಿನ ತಿಳಿದಿದ್ದೆ. ಅವರು ಎರಡು ಬೆರಳೆತ್ತಿ, ಇವೆರಡೂ ಬೇರೆ ಬೇರೆ ಕಾರಣಕ್ಕೆ ಸತ್ತಿವೆ ಎಂದರು. ಮೊದಲನೆಯದು ಏಕೆ ಹೋಯಿತೆಂದು ಕೇಳಿದಾಗ, ನೋಡದ ಬೆಲ್ಟಿನ ಬಗ್ಗೆ ತಾನು ಹೇಳುವುದಿಲ್ಲವೆಂದು ಚುಟುಕಾಗಿ ಮುಗಿಸಿದರು. ಅವರ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಬಹುಶಃ ಆ ಗಳಿಗೆಯಲ್ಲೇ.

ಅವರು ತೋರಿಸಿದ್ದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಒಳಗಿನ ರಚನೆ ಸ್ವಲ್ಪ ಗೊತ್ತಿರಬೇಕು. ಗೇರಿಲ್ಲದ ಸ್ಕೂಟರಿನ ಎಡಪಕ್ಕೆಯ ಉದ್ದನೆಯ ಮುಚ್ಚಳದೊಳಗೆ ಎರಡು ರಾಟೆಗಳಿರುತ್ತವೆ: ಎಂಜಿನ್ನಿನ ಕಡೆ ಒಂದು, ಹಿಂದಿನ ಚಕ್ರದ ಕಡೆ ಒಂದು. ಪ್ರತಿ ರಾಟೆಯೂ ಎದುರುಬದುರಾಗಿ ಇಟ್ಟ ಎರಡು ತಟ್ಟೆಗಳಂತಿದ್ದು, ಅವುಗಳ ನಡುವಿನ ಓರೆ ಸಂದಿಯಲ್ಲಿ ಬೆಲ್ಟು ಕೂರುತ್ತದೆ. ಮುಂದಿನ ರಾಟೆಯ ಬೆನ್ನಿನಲ್ಲಿರುವ ಆರು ರೋಲರುಗಳು ಎಂಜಿನ್ ವೇಗವಾಗಿ ತಿರುಗಿದಂತೆಲ್ಲ ಹೊರಕ್ಕೆ ಸರಿದು ಒಂದು ತಟ್ಟೆಯನ್ನು ಇನ್ನೊಂದರ ಕಡೆಗೆ ತಳ್ಳುತ್ತವೆ. ಸಂದಿ ಕಿರಿದಾದಾಗ ಬೆಲ್ಟು ಮೇಲಕ್ಕೇರುತ್ತದೆ, ಅದೇ ವೇಳೆಗೆ ಹಿಂದಿನ ರಾಟೆಯ ಸ್ಪ್ರಿಂಗ್ ಬಿಟ್ಟುಕೊಟ್ಟು ಅಲ್ಲಿ ಬೆಲ್ಟು ಕೆಳಗಿಳಿಯುತ್ತದೆ. ಗೇರು ಬದಲಾಗುವುದೆಂದರೆ ಇಷ್ಟೇ. ಹಲ್ಲಿಗೆ ಹಲ್ಲು ಕೊಟ್ಟು ಎಳೆಯುವ ಚೈನಿನ ವ್ಯವಸ್ಥೆ ಇದಲ್ಲ, ಬೆಲ್ಟಿನ ಎರಡು ಪಕ್ಕಗಳು ತಟ್ಟೆಗಳನ್ನು ಕಚ್ಚಿ ಹಿಡಿಯುವ ಬಲದ ಮೇಲೆಯೇ ಎಲ್ಲ ನಿಂತಿದೆ. ಆ ಹಿಡಿತ ಒಂದಿಷ್ಟು ಜಾರಿದರೂ ಶಾಖ ಹುಟ್ಟುತ್ತದೆ, ಶಾಖ ಹುಟ್ಟಿದರೆ ರಬ್ಬರಿನ ಮೈ ನಯವಾಗುತ್ತದೆ, ನಯವಾದದ್ದು ಇನ್ನಷ್ಟು ಜಾರುತ್ತದೆ.

ಹಿಂದೊಮ್ಮೆ ಗುಲ್ಮಾರ್ಗದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹಿಮದ ಮೇಲೆ ಓಡುವ ಸ್ನೋಮೊಬೈಲಿನಲ್ಲಿ ಕುಳಿತಿದ್ದಾಗ, ಏರಿನ ನಡುವೆ ಅದರ ಬೆಲ್ಟೂ ಹೀಗೆಯೇ ಹರಿದಿತ್ತು. ಓಡಿಸುತ್ತಿದ್ದ ಹುಡುಗ ಪಕ್ಕದ ಮುಚ್ಚಳ ತೆಗೆದು, ಜೊತೆಯಲ್ಲಿಟ್ಟುಕೊಂಡಿದ್ದ ಬದಲಿ ಬೆಲ್ಟನ್ನು ಐದಾರು ನಿಮಿಷದಲ್ಲಿ ಏರಿಸಿ ಹೊರಟೇಬಿಟ್ಟ. ಇದನ್ನು ಹೇಳಿದಾಗ ಗ್ಯಾರೇಜಿನವರ ಕಣ್ಣು ಅರಳಿತು. ಆ ಯಂತ್ರವನ್ನು ಅವರು ಮೊಬೈಲಿನ ವಿಡಿಯೊಗಳಲ್ಲಿ ಸಾಕಷ್ಟು ನೋಡಿದ್ದರು. ರಾಟೆಗಳ ತತ್ವ ಎರಡರಲ್ಲೂ ಒಂದೇ, ವ್ಯತ್ಯಾಸ ಎರಡು ಕಡೆ ಎಂದು ವಿವರಿಸಿದರು. ಅದರಲ್ಲಿ ಮುಂದಿನ ರಾಟೆಯೇ ಕ್ಲಚ್ಚು: ನಿಂತಾಗ ಬೆಲ್ಟನ್ನು ಬಿಟ್ಟು, ವೇಗ ಕೊಟ್ಟಾಗ ಹಿಡಿಯುತ್ತದೆ. ಆದ್ದರಿಂದ ಯಂತ್ರ ಹಿಮದಲ್ಲಿ ಹೂತು, ಚಕ್ರದ ಬದಲು ಅದನ್ನು ಮುಂದಕ್ಕೊಯ್ಯುವ ಅಡಿಯ ಪಟ್ಟಿ ತಿರುಗದಿದ್ದಾಗ ವೇಗ ಕೊಟ್ಟರೆ ಬೆಲ್ಟಿನ ಒಂದೇ ಜಾಗ ಉಜ್ಜಿ ಸುಟ್ಟುಹೋಗುತ್ತದೆ. ನಮ್ಮ ಸ್ಕೂಟರಿನಲ್ಲಿ ಕ್ಲಚ್ಚು ಹಿಂದಿನ ರಾಟೆಯ ಆಚೆಗಿದೆ, ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಬೆಲ್ಟೂ ತಿರುಗುತ್ತಲೇ ಇರುತ್ತದೆ. ಎರಡನೆಯದಾಗಿ, ಅಲ್ಲಿ ಒಂದು ರಾಟೆ ಎಂಜಿನ್ನಿಗೂ ಇನ್ನೊಂದು ಗಾಡಿಯ ಚೌಕಟ್ಟಿನ ಕಡೆಗೂ ಸೇರಿರುವುದರಿಂದ ಎಂಜಿನ್ನನ್ನು ಕೂರಿಸಿದ ರಬ್ಬರು ಕುಸಿದರೂ ಸಾಕು, ಎರಡರ ನೇರ ತಪ್ಪಿ ಬೆಲ್ಟಿನ ಅಂಚು ಹರಿಯುತ್ತದೆ. ಸ್ಕೂಟರಿನಲ್ಲಿ ಎರಡೂ ಒಂದೇ ಎರಕದ ಕವಚದ ಮೇಲಿರುವುದರಿಂದ ನೇರ ತಪ್ಪುವುದು ಅಪರೂಪ. “ಅಪರೂಪದ್ದು ನಿಮ್ಮ ಗಾಡೀಲಿ ಆಗಿದೆ, ಯಾರೋ ಕೈಯಾರೆ ಮಾಡಿದ್ದಾರೆ,” ಎಂದು ಮುಚ್ಚಳ ಬಿಚ್ಚಲು ಕುಳಿತರು.

ಮುಂದಿನ ರಾಟೆಯ ಹೊರತಟ್ಟೆಯನ್ನು ಹಿಡಿದು ಅಲ್ಲಾಡಿಸಿದಾಗ ಅದು ಕೂದಲೆಳೆಯಷ್ಟು ಆಡುತ್ತಿತ್ತು. ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ, ಎಂಜಿನ್ನಿನಿಂದ ಬರುವ ದಂಡದ ಮೇಲೆ ಕೂರುವ ಒಳಹಲ್ಲುಗಳು ಒಂದು ಪಕ್ಕಕ್ಕೆ ತಿಂದುಹೋಗಿದ್ದವು. ಬೆಲ್ಟು ಹಾಕುವಾಗ ಮಾಡುವ ಒಂದು ಅವಸರದಿಂದ ಹೀಗಾಗುತ್ತದಂತೆ. ಹೊಸ ಬೆಲ್ಟು ಬಿಗಿಯಾಗಿರುತ್ತದೆ; ಅದನ್ನು ಹಿಂದಿನ ರಾಟೆಯ ಸಂದಿಯೊಳಗೆ ಚೆನ್ನಾಗಿ ಅದುಮಿ ಮುಂದಿನ ಕಡೆ ಸಡಿಲ ಮಾಡಿಕೊಳ್ಳದೆ, ಹೊರತಟ್ಟೆಯನ್ನು ಇಟ್ಟು ಗನ್ನಿನಲ್ಲಿ ನಟ್ಟು ಬಿಗಿದರೆ, ಬೆಲ್ಟು ತಟ್ಟೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ನಟ್ಟು ಬಿಗಿಯಾಯಿತೆಂದು ಗನ್ನು ಹೇಳುತ್ತದೆ. ಆದರೆ ತಟ್ಟೆ, ದಂಡಕ್ಕೆ ತೊಡಿಸಿದ ಲೋಹದ ಕೊಳವೆಯಾದ ಬುಷ್ಷಿನ ಮೇಲೆ ಕುಳಿತಿರುವುದಿಲ್ಲ, ಬೆಲ್ಟಿನ ಮೇಲೆ ಕುಳಿತಿರುತ್ತದೆ. ಗಾಡಿ ಓಡಿ ಬೆಲ್ಟು ತನ್ನ ಜಾಗಕ್ಕೆ ಸರಿದ ಕೂಡಲೇ ಅಲ್ಲೊಂದು ಸಂದಿ ಉಳಿದು, ತಟ್ಟೆ ಪ್ರತಿ ಸುತ್ತಿಗೂ ಒಂದಿಷ್ಟು ಓಲಾಡುತ್ತದೆ. ಎರಡನೆಯ ಬೆಲ್ಟಿನ ಸೆರಗು ಬಿಟ್ಟುಕೊಂಡದ್ದಕ್ಕೆ ಇದೇ ಕಾರಣ. ದಂಡದ ಹಲ್ಲುಗಳು ಉಳಿದುಕೊಂಡಿದ್ದವು, ಅದು ನನ್ನ ಪುಣ್ಯ. ಅವು ಹೋಗಿದ್ದರೆ ಎಂಜಿನ್ನನ್ನೇ ಬಿಚ್ಚಬೇಕಾಗುತ್ತಿತ್ತು.

ಮೂರನೆಯ ಬೆಲ್ಟಿನ ಪಕ್ಕದಲ್ಲಿ ಕಂಪನಿಯ ಹೊಸದನ್ನಿಟ್ಟು ವರ್ನಿಯರಿನಲ್ಲಿ ಅಳೆದು ತೋರಿಸಿದರು. ನಾನು ಕೊಂಡದ್ದು ಅಗಲದಲ್ಲಿ ಒಂದು ಮಿಲಿಮೀಟರಿಗೂ ಮೀರಿ ಕಿರಿದಾಗಿತ್ತು. ಸವೆದದ್ದರಿಂದ ಎಷ್ಟು, ಹುಟ್ಟಿನಲ್ಲೇ ಎಷ್ಟು ಎಂದು ಬೇರ್ಪಡಿಸುವಂತಿರಲಿಲ್ಲ. ಅದೇನೇ ಇರಲಿ, ಬೆಲ್ಟು ಅಷ್ಟು ಕಿರಿದಾದರೆ ಮುಂದಿನ ತಟ್ಟೆಗಳು ಪೂರ್ತಿ ಕೂಡಿದರೂ ಅದು ಮೇಲಿನ ಅಂಚಿಗೆ ಏರುವುದಿಲ್ಲ. ಗಾಡಿಯ ವೇಗ ಮೊದಲಿನಷ್ಟು ಬರುತ್ತಿರಲಿಲ್ಲ ಅಲ್ಲವೇ ಎಂದು ಕೇಳಿದಾಗ, ರಿಂಗ್ ರಸ್ತೆಯಲ್ಲಿ ಎರಡು ತಿಂಗಳಿನಿಂದ ಗಾಡಿ ಸೊರಗಿದಂತಿದ್ದದ್ದು ನೆನಪಾಯಿತು. ಇಷ್ಟಾದರೂ, ಅಷ್ಟು ಸುಟ್ಟ ನಾತಕ್ಕೆ ಕಿರಿದಾದ ಬೆಲ್ಟೊಂದೇ ಕಾರಣವಾಗಲಾರದೆಂದು ಅವರಿಗೆ ಅನ್ನಿಸಿರಬೇಕು. ಕಾಲಿಡುವ ಹಲಗೆಯ ಎಡಗಡೆಯ ಪ್ಲಾಸ್ಟಿಕ್ಕನ್ನೂ ಬಿಚ್ಚಿ, ಬೆಲ್ಟಿನ ಗೂಡಿಗೆ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಬೆರಳು ಹಾಕಿ ಎಳೆದರು. ಹೊರಬಂದದ್ದು ತೆಂಗಿನ ನಾರು. ಧೂಳು, ಒಣಗಿದ ಸೇವಂತಿಗೆ ಎಸಳು, ಕರ್ಪೂರದ ಪ್ಯಾಕೆಟ್ಟಿನ ಒಂದು ಚೂರು ಎಲ್ಲವೂ ಸೇರಿ ಒತ್ತಿಕೊಂಡು, ಪಾತ್ರೆ ಉಜ್ಜುವ ಗುಂಜಿನಂತೆ ಕೊಳವೆಗೆ ಬಿರಡೆ ಹಾಕಿದ್ದವು.

ಮುಂದಿನ ರಾಟೆಯ ಹೊರತಟ್ಟೆಯ ಮೇಲಿರುವ ರೆಕ್ಕೆಗಳು ಅಲಂಕಾರಕ್ಕಲ್ಲ, ಅವು ಫ್ಯಾನು. ಹೊರಗಿನ ಗಾಳಿಯನ್ನು ಒಳಗೆಳೆದು ಬೆಲ್ಟನ್ನು ತಂಪಾಗಿಡುವುದು ಅವುಗಳ ಕೆಲಸ. ಕಾಯಿ ಚೀಲವನ್ನು ನಾನು ಎರಡು ವರ್ಷ ಇಟ್ಟದ್ದು ಆ ಕೊಳವೆಯ ಬಾಯಿಯ ನೇರ ಮೇಲೆ. ನಾರು ಸ್ವಲ್ಪಸ್ವಲ್ಪವೇ ಉದುರಿ ಗಾಳಿಯ ದಾರಿ ಮುಚ್ಚಿತ್ತು, ಫ್ಯಾನು ಒಳಗಿನ ಬಿಸಿಗಾಳಿಯನ್ನೇ ತಿರುತಿರುಗಿ ಕಡೆಯುತ್ತಿತ್ತು. ಪಕ್ಕದ ಅಂಗಡಿಯವರ ಗಾಡಿಗೆ ಸಿಕ್ಕ ರಿಯಾಯಿತಿಯ ಗುಟ್ಟೂ ಆಗಲೇ ತಿಳಿಯಿತು: ಅವರು ಸಾಗಿಸುವುದು ಕಾಯಿಯನ್ನಲ್ಲ, ನೀರಿನ ಬಾಟಲಿಯ ಬಾಕ್ಸುಗಳನ್ನು. ಸರ್ವೀಸ್ ಕೇಂದ್ರದಲ್ಲಿ ಎರಡು ವರ್ಷದಲ್ಲಿ ನಾಲ್ಕು ಸಲ ಸರ್ವೀಸಾದರೂ ಆ ಪ್ಲಾಸ್ಟಿಕ್ಕನ್ನು ಯಾರೂ ತೆಗೆದಿರಲಿಲ್ಲವೆಂಬುದಕ್ಕೆ ಆ ಗುಂಜೇ ಸಾಕ್ಷಿ.

ನನಗೂ ಒಂದಿಷ್ಟು ಬೈಗುಳ ಸಿಕ್ಕಿತು. ಕ್ಲಚ್ಚಿನ ಬಟ್ಟಲು ನೀಲಿ ತಿರುಗಿತ್ತು, ಅತಿಯಾಗಿ ಕಾದ ಉಕ್ಕಿನ ಬಣ್ಣ. ಜನಜಂಗುಳಿಯ ದಿನಗಳಲ್ಲಿ ಏರಿನಲ್ಲಿ ವಾಹನಗಳು ಸಾಲುಗಟ್ಟಿ ನಿಂತಾಗ, ಬ್ರೇಕು ಹಿಡಿಯುವ ಬದಲು ಆಕ್ಸಿಲರೇಟರನ್ನು ಅರ್ಧ ತಿರುವಿ ಗಾಡಿಯನ್ನು ಅಲ್ಲೇ ಹಿಡಿದು ನಿಲ್ಲಿಸುವ ಚಾಳಿ ನನಗಿತ್ತು, ಬೆಟ್ಟದಲ್ಲಿ ಓಡಿಸುವ ಹಲವರಿಗಿದೆ. ಹಾಗೆ ಮಾಡಿದಾಗ ಕ್ಲಚ್ಚಿನ ಶೂಗಳು ಬಟ್ಟಲಿಗೆ ಉಜ್ಜಿ ಆ ಶಾಖವೆಲ್ಲ ಮುಚ್ಚಿದ ಗೂಡಿನೊಳಗೇ ಉಳಿದು ಬೆಲ್ಟಿಗೂ ತಗಲುತ್ತದೆ. ಮೇಲೆ ತಲುಪಿದ ಕೂಡಲೇ ಕೀಲಿ ತಿರುಗಿಸಿ ಆರಿಸಬಾರದು, ಒಂದು ನಿಮಿಷ ಎಂಜಿನ್ ಸುಮ್ಮನೆ ಓಡುತ್ತಿರಲಿ, ಫ್ಯಾನು ತಿರುಗಿ ಒಳಗಿನ ಬಿಸಿ ಹೊರಗೆ ಹೋಗಲಿ ಎಂಬುದು ಅವರ ಇನ್ನೊಂದು ಕಟ್ಟಪ್ಪಣೆ.

ಜೋಡಿಸುವುದನ್ನು ಎದುರಿಗೆ ಕೂರಿಸಿಕೊಂಡೇ ಮಾಡಿದರು. ಹೊಸ ಹೊರತಟ್ಟೆ, ಕಂಪನಿಯ ಬೆಲ್ಟು, ಆರು ರೋಲರು, ಮೂರು ಸ್ಲೈಡ್ ಪೀಸು. ಹಳೆಯ ರೋಲರುಗಳು ಒಂದು ಮಗ್ಗುಲಿಗೆ ಚಪ್ಪಟೆಯಾಗಿದ್ದವು. ಹಿಂದಿನ ಗೇರ್ ಬಾಕ್ಸಿನ ಆಯಿಲ್ ಸೀಲಿನ ಸುತ್ತ ಬಿಳಿ ಬಟ್ಟೆ ಒತ್ತಿ ಜಿಡ್ಡಿಲ್ಲವೆಂದು ಖಾತ್ರಿ ಮಾಡಿಕೊಂಡರು. ತಟ್ಟೆಗಳ ಒಳಮೈಯನ್ನು ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿದ ಮೇಲೆ ಬೆರಳು ಸೋಕಿಸಲಿಲ್ಲ. ಬೆಲ್ಟಿನ ಮೇಲಿನ ಬಾಣದ ಗುರುತು ತಿರುಗುವ ದಿಕ್ಕಿಗಿರುವಂತೆ ಹಿಡಿದು, ಹಿಂದಿನ ರಾಟೆಯನ್ನು ಎರಡೂ ಕೈಯಿಂದ ಬಿಡಿಸಿ ಬೆಲ್ಟನ್ನು ಒಳಕ್ಕೆ ಅದುಮಿದಾಗ ಮುಂದಿನ ಭಾಗ ಹಗ್ಗದಂತೆ ಜೋತುಬಿತ್ತು. ಆಮೇಲೆ ತಟ್ಟೆ, ಕೈಯಲ್ಲೇ ನಟ್ಟು, ಕೊನೆಗೆ ಬಿಗಿಯುವ ಬಲವನ್ನು ಅಳೆದು ಹೇಳುವ ಟಾರ್ಕ್ ವ್ರೆಂಚು. ನಟ್ಟಿನಿಂದ ತಟ್ಟೆಯವರೆಗೆ ಬಿಳಿ ಬಣ್ಣದ ಒಂದು ಗೀಟು ಎಳೆದರು. ಮುಂದೆ ಯಾವಾಗ ಬಿಚ್ಚಿದರೂ ಗೀಟು ಕೂಡಿದೆಯೋ ತಪ್ಪಿದೆಯೋ ನೋಡಿದರೆ ಸಾಕು.

ದೂರುಗಳೂ ಇವೆ. ಒಂದು ದಿನದ ಕೆಲಸವೆಂದು ಹೇಳಿ ಎರಡೂವರೆ ದಿನ ಮಾಡಿದರು, ಆ ಎರಡೂವರೆ ದಿನ ನಾನು ಹೂವಿಗೆ ಆಟೋ ಬಾಡಿಗೆ ತೆತ್ತೆ. ಫೋನು ಎತ್ತುವುದಿಲ್ಲ. ಬಿಲ್ಲು ಕೇಳಿದರೆ ಚೀಟಿಯಲ್ಲಿ ಬರೆದುಕೊಡುತ್ತಾರೆ, ಕೇಳದಿದ್ದರೆ ಅದೂ ಇಲ್ಲ. ಭಾಗಗಳಿಗೆ 2,150, ಕೂಲಿಗೆ 350 ರೂಪಾಯಿ. ಮಾಡಿದ ಕೆಲಸಕ್ಕೆ ಕೂಲಿ ಕಡಿಮೆಯೆಂದೇ ಹೇಳಬೇಕು. ಒಂದು ವಿಷಯದಲ್ಲಿ ನನಗೂ ಅವರಿಗೂ ಇಂದಿಗೂ ಸರಿಬಂದಿಲ್ಲ. ರೋಲರುಗಳ ತೂಕ ಒಂದಿಷ್ಟು ಇಳಿಸಿದರೆ ಏರಿನಲ್ಲಿ ಗಾಡಿ ಕೆಳಗಿನ ಗೇರಿನಲ್ಲೇ ಹೆಚ್ಚು ಹೊತ್ತು ಉಳಿದು ಸಲೀಸಾಗಿ ಎಳೆಯುತ್ತದೆ. ಬೆಟ್ಟದ ಕೆಲವರು ಹಾಗೆ ಮಾಡಿಸಿಕೊಂಡಿದ್ದಾರೆ. ಇವರು ಖಡಾಖಂಡಿತವಾಗಿ ಒಲ್ಲೆನೆಂದರು. ರೋಲರು ಹಗುರಾದರೆ ತಟ್ಟೆ ಬೆಲ್ಟನ್ನು ಒತ್ತುವ ಬಲವೂ ತಗ್ಗುತ್ತದೆ, ನಿಮ್ಮ ಹೊರೆಗೆ ಅದು ಆಗದು, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ ಎಂಬುದು ಅವರ ವಾದ. ಪೆಟ್ರೋಲಿನ ಮಾತು ನಿಜ. ಆದರೆ ದಿನದ ಓಟದ ಬಹುಪಾಲು ಕಷ್ಟ ಏರಿನಲ್ಲೇ ಇರುವ ಗಾಡಿಗೆ ಅಲ್ಪಸ್ವಲ್ಪ ಹಗುರಾದ ರೋಲರು ಹಾಕಿ ಪರೀಕ್ಷಿಸಬಹುದಿತ್ತೆಂಬುದು ನನ್ನ ಅಭಿಪ್ರಾಯ. ಅವರ ಗ್ಯಾರೇಜಿನಲ್ಲಿ ಗಿರಾಕಿಯ ಅಭಿಪ್ರಾಯಕ್ಕೆ ಹೆಚ್ಚಿನ ಬೆಲೆಯಿಲ್ಲ.

ಈಗ ಎಂಟು ತಿಂಗಳಾಯಿತು, ಅದೇ ಬೆಲ್ಟಿನಲ್ಲಿ 7,400 ಕಿಲೋಮೀಟರು ಓಡಿದೆ. 4,000ಕ್ಕೊಮ್ಮೆ, 7,000ಕ್ಕೊಮ್ಮೆ ಮುಚ್ಚಳ ತೆಗೆದು ನೋಡಿದರು. ಬಿಳಿ ಗೀಟು ಇದ್ದಲ್ಲೇ ಇದೆ, ಅಂಚುಗಳು ನೇರವಾಗಿವೆ, ಅಗಲದಲ್ಲಿ 0.3 ಮಿಲಿಮೀಟರು ಸವೆದಿದೆ. ಕಾಯಿ ಚೀಲದ ಕೆಳಗೆ ಈಗ ಹಳೆಯ ಟಾರ್ಪಾಲಿನ ತುಂಡೊಂದನ್ನು ಹಾಸುತ್ತೇನೆ, ತಿಂಗಳಿಗೊಮ್ಮೆ ಕೊಳವೆಯ ಬಾಯಿಗೆ ಬೆರಳು ಹಾಕಿ ನೋಡುತ್ತೇನೆ. ಬದಲಿ ಬೆಲ್ಟೊಂದು ಸೀಟಿನ ಕೆಳಗಿದೆ; ಮಡಚಿ ತುರುಕಿದರೆ ಒಳಗಿನ ದಾರ ಮುರಿಯುತ್ತದೆಂದು ಹೇಳಿದ್ದರಿಂದ ದುಂಡಗೇ ಇಟ್ಟಿದ್ದೇನೆ, ಅದರಿಂದಾಗಿ ರೇನ್‌ಕೋಟಿಗೆ ಜಾಗವಿಲ್ಲ.

ಗ್ಯಾರೇಜು ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ, ಭಾನುವಾರ ಮಧ್ಯಾಹ್ನದವರೆಗೆ ಮಾತ್ರ. ಹೊರಗಿನಿಂದ ಕೊಂಡುತಂದ ಬೆಲ್ಟನ್ನು ಅವರು ಹಾಕುವುದಿಲ್ಲ, ಆ ಬಗ್ಗೆ ವಾದಿಸುವುದು ವ್ಯರ್ಥ. ಹೋಗುವವರು ಹರಿದ ಬೆಲ್ಟನ್ನು, ತುಂಡುತುಂಡಾಗಿದ್ದರೂ ಸರಿಯೆ, ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿ. ಕುವೆಂಪುನಗರದಿಂದ ಬರಿಗೈಯಲ್ಲಿ ಬಂದಿದ್ದ ಒಬ್ಬರನ್ನು ನನ್ನೆದುರಿಗೇ, ಮೊದಲು ಅದನ್ನು ತನ್ನಿ ಎಂದು ವಾಪಸು ಕಳಿಸಿದರು.